ಫೋನಿನ ಡಬ್ಬಿಯ ಮೇಲೆ ಡಿಸ್‌ಪ್ಲೇ ರೇಟನ್ನೂ ಬರೆಸಿ

ಗೆ,
ಗ್ರಾಹಕ ವ್ಯವಹಾರಗಳ ಇಲಾಖೆ,
ಭಾರತ ಸರ್ಕಾರ, ನವದೆಹಲಿ

ವಿಷಯ: ಮೊಬೈಲ್ ಫೋನ್‌ಗಳ ರಿಪೇರಿ ಸೂಚ್ಯಂಕದಲ್ಲಿ ಬಿಡಿಭಾಗಗಳ ಬೆಲೆಯನ್ನೂ ಸೇರಿಸುವ ಬಗ್ಗೆ

ಮಾನ್ಯರೇ,

‘ಜಾಗೋ ಗ್ರಾಹಕ್ ಜಾಗೋ’ ಅಂತ ಟಿವಿಯಲ್ಲಿ, ರೇಡಿಯೋದಲ್ಲಿ ವರ್ಷಗಟ್ಟಲೆ ನಮ್ಮನ್ನು ಎಬ್ಬಿಸಿದವರು ನೀವು. ಎದ್ದಿದ್ದೇನೆ. ಹೊಸ ಫೋನ್ ತಗೊಳ್ಳುವ ಕಾಲ ಬಂದಾಗ, ಈ ಸಲ ಸುಮ್ನೆ ಕ್ಯಾಮೆರಾ, ಬಣ್ಣ, ಆಫರ್ ನೋಡಿ ತರುವುದು ಬೇಡ ಅನಿಸಿತು. ಆರೇಳು ವರ್ಷ ಬಾಳಿಕೆ ಬರಬೇಕು, ಕೆಟ್ಟರೆ ರಿಪೇರಿ ಮಾಡಿಸಲು ಆಗಬೇಕು, ಫೋನನ್ನು ತಯಾರಿಸಿದ ಕೈಗಳಿಗೆ ನ್ಯಾಯವಾದ ಕೂಲಿ ಸಿಕ್ಕಿರಬೇಕು. ಅಂಥದ್ದೊಂದು ಫೋನ್ ಇದೆಯಾ ಅಂತ ಹುಡುಕಲು ಹೊರಟೆ. ಆ ಹುಡುಕಾಟದಲ್ಲಿ ಗೊತ್ತಾದದ್ದನ್ನು ನಿಮಗೆ ಹೇಳಲೇಬೇಕು, ಯಾಕೆಂದರೆ ಇದೇ ವಿಷಯಕ್ಕೆ ನೀವೂ ಸಮಿತಿ ಮಾಡಿ ಕೂತವರು. ಪತ್ರ ಕನ್ನಡದಲ್ಲಿದೆ. ಅಷ್ಟು ದೊಡ್ಡ ಕಚೇರಿಯಲ್ಲಿ ಓದಿ ಹೇಳುವ ಕನ್ನಡದವರು ಒಬ್ಬರಾದರೂ ಇರುತ್ತಾರೆ ಅಲ್ವಾ?

ಮೊದಲು ನೀವು ಮಾಡಿದ ಕೆಲಸವನ್ನು ಒಪ್ಪಿಕೊಳ್ಳುತ್ತೇನೆ. 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿದಿರಿ. ಅದೇ ವರ್ಷ ಡಿಸೆಂಬರ್‌ನಲ್ಲಿ ಅದಕ್ಕೊಂದು ಪೋರ್ಟಲ್ ತೆರೆದಿರಿ. 2024ರ ಸೆಪ್ಟೆಂಬರ್‌ನಲ್ಲಿ ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್ ವಸ್ತುಗಳಿಗೆ ರಿಪೇರಿ ಸೂಚ್ಯಂಕ, ಅಂದರೆ ಎಷ್ಟು ಸುಲಭವಾಗಿ ರಿಪೇರಿ ಆಗುತ್ತದೆ ಅಂತ ಹೇಳುವ ಅಂಕ, ಹೇಗಿರಬೇಕು ಅಂತ ನೋಡಲು ಇನ್ನೊಂದು ಸಮಿತಿ ಬಂತು, 2025ರ ಮೇ ತಿಂಗಳಲ್ಲಿ ಅದು ವರದಿ ಕೊಟ್ಟಿತು. ಬ್ಯಾಟರಿ, ಡಿಸ್‌ಪ್ಲೇ, ಹಿಂಬದಿಯ ಕವರ್, ಕ್ಯಾಮೆರಾ, ಚಾರ್ಜಿಂಗ್ ಪೋರ್ಟ್, ಸ್ಪೀಕರ್, ಮೈಕ್ ಹೀಗೆ ಹೆಚ್ಚು ಕೆಡುವ ಭಾಗಗಳ ಪಟ್ಟಿ ಮಾಡಿದ್ದೀರಿ. ಅಂಕ ಕೊಡಲು ಆರು ಅಂಶ ಇಟ್ಟಿದ್ದೀರಿ. ಬಿಚ್ಚಲು ಎಷ್ಟು ಹಂತ ಬೇಕು, ರಿಪೇರಿ ಮಾಹಿತಿ ಸಿಗುತ್ತದಾ, ಬಿಡಿಭಾಗ ಸರಿಯಾದ ಸಮಯಕ್ಕೆ ಸಿಗುತ್ತದಾ, ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ, ಯಾವ ಸಲಕರಣೆ ಬೇಕು, ಎಂಥ ಸ್ಕ್ರೂ ಹಾಕಿದ್ದಾರೆ. ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ, ಡಬ್ಬಿಯ ಮೇಲಿನ ಕ್ಯೂಆರ್ ಕೋಡಿನಲ್ಲಿ ಅಂಕ ಕಾಣಬೇಕು ಅಂತಲೂ ಇದೆ. ಎಲ್ಲ ಸರಿ. ಆದರೆ ಈ ಆರರಲ್ಲಿ ರೇಟು ಎಲ್ಲಿದೆ?

ಇದು ಯಾಕೆ ಇಷ್ಟು ಮುಖ್ಯ ಅಂತ ಹೇಳಲು ನನ್ನ ಹಳೇ ಫೋನಿನ ಕತೆ ಸಾಕು. ಒಂದು ದಿನ ಅಪ್‌ಡೇಟ್ ಆಗಿ ಫೋನ್ ತಾನೇ ಆಫ್ ಆಗಿ ಆನ್ ಆಯಿತು. ಆಮೇಲೆ ಸ್ಕ್ರೀನಿನ ಬಲಗಡೆ ಮೇಲಿಂದ ಕೆಳಗೆ ಒಂದು ಹಸಿರು ಗೆರೆ. ಫೋನ್ ಬಿದ್ದಿಲ್ಲ, ನೀರು ತಾಗಿಲ್ಲ. ‘ಗ್ರೀನ್ ಲೈನ್’ ಅಂದರೆ ರಿಪೇರಿ ಅಂಗಡಿಯ ಹುಡುಗರೆಲ್ಲ ಕೂಡಲೇ ತಲೆ ಆಡಿಸುತ್ತಾರೆ, ಅಷ್ಟು ಮಾಮೂಲಿ ಕಾಯಿಲೆ ಅದು. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಟೋಕನ್ ತಗೊಂಡು ಕೂತೆ. ಡಿಸ್‌ಪ್ಲೇಗೆ 9 ಸಾವಿರ ಚಿಲ್ಲರೆ ಅಂದರು. ಫೋನಿಗೆ ಕೊಟ್ಟದ್ದು 18 ಸಾವಿರ. ಕೌಂಟರಿನ ಹುಡುಗಿ ಪಾಪ ಮೆಲ್ಲಗೆ, “ಮೇಡಂ, ಇದಕ್ಕೆ ಅಷ್ಟು ದುಡ್ಡು ಹಾಕೋ ಬದಲು ಹೊಸದೇ ತಗೊಳ್ಳಿ, ಎಕ್ಸ್‌ಚೇಂಜ್ ನಡೀತಾ ಇದೆ” ಅಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಲೆಕ್ಕ ಹಾಕಿದರೆ ಯಾರಾದರೂ ಹಾಗೇ ಹೇಳುತ್ತಾರೆ.

ಈಗ ನಿಮ್ಮ ಆರು ಅಂಶಗಳನ್ನು ಈ ಫೋನಿಗೆ ಹಿಡಿದು ನೋಡಿ. ಬಿಡಿಭಾಗ ಇತ್ತು. ಬಿಚ್ಚುವವರು ಇದ್ದರು. ಸಲಕರಣೆ ಇತ್ತು. ಅಂಕ ಚೆನ್ನಾಗಿಯೇ ಬೀಳುತ್ತಿತ್ತು. ರಿಪೇರಿ ಮಾತ್ರ ಆಗಲಿಲ್ಲ.

ನನ್ನ ತಮ್ಮ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸದಲ್ಲಿದ್ದಾನೆ. ಈ ಗೋಳನ್ನು ಹೇಳಿಕೊಂಡಾಗ ಅವನು ವಿಡಿಯೋ ಕಾಲ್‌ನಲ್ಲಿ ತನ್ನ ಇನ್ನೊಂದು ಫೋನ್ ಹಿಡಿದು, “ಅಕ್ಕ, ಇದನ್ನ ನೋಡು” ಅಂದ. ಫೇರ್‌ಫೋನ್ 5. ಉಗುರಿನಲ್ಲಿ ಮೂಲೆ ಎಬ್ಬಿಸಿ ಹಿಂದಿನ ಕವರನ್ನು ಪಟ್ಟನೆ ಬಿಚ್ಚಿದ. ಬ್ಯಾಟರಿಯನ್ನು ಕೈಯಲ್ಲೇ ಎತ್ತಿ ಮೇಜಿನ ಮೇಲಿಟ್ಟ. ನಮ್ಮ ಅಪ್ಪ ಹಳೇ ಕೀಪ್ಯಾಡ್ ಫೋನ್ ಹ್ಯಾಂಗ್ ಆದಾಗ ಮಾಡುತ್ತಿದ್ದರಲ್ಲ, ಅದೇ ಥರ. ಆಮೇಲೆ ಪುಟ್ಟ ಸ್ಕ್ರೂಡ್ರೈವರ್ ತಗೊಂಡು ಡಿಸ್‌ಪ್ಲೇ ಹಿಡಿದಿರುವ ಸ್ಕ್ರೂಗಳನ್ನು ತೋರಿಸಿದ. ಅಂಟಿಲ್ಲ, ಹೀಟ್ ಗನ್ ಬೇಡ. ಇವನು ಸಿವಿಲ್ ಇಂಜಿನಿಯರ್, ಮನೆಯಲ್ಲಿ ಬಲ್ಬ್ ಬದಲಾಯಿಸಲೂ ಹಿಂದೆಮುಂದೆ ನೋಡುವವನು. ಹೊಸ ಫೋನುಗಳನ್ನು ಬಿಚ್ಚಿ ಅಂಕ ಕೊಡುವ ಐಫಿಕ್ಸಿಟ್‌ನವರು ಇದಕ್ಕೆ ಹತ್ತಕ್ಕೆ ಹತ್ತು ಕೊಟ್ಟಿದ್ದಾರೆ.

ನನಗೆ ಅದಕ್ಕಿಂತ ಹಿಡಿಸಿದ್ದು ಅವನು ಹೇಳಿದ ರೇಟು. 2023ರಲ್ಲಿ ಬಂದಾಗ ಫೋನಿಗೆ 699 ಯೂರೋ. ಹೊಸ ಬ್ಯಾಟರಿಗೆ ಸುಮಾರು 40, ಡಿಸ್‌ಪ್ಲೇಗೆ ಸುಮಾರು 100, ಚಾರ್ಜಿಂಗ್ ಪೋರ್ಟಿಗೆ ಸುಮಾರು 20. ಫೋನ್ ಮಾರುವ ಕಡೆಯೇ ಈ ರೇಟುಗಳೂ ಇವೆ. ಕೊಳ್ಳುವ ದಿನವೇ ಗೊತ್ತು, ಡಿಸ್‌ಪ್ಲೇ ಒಡೆದರೆ ಫೋನಿನ ಬೆಲೆಯ ಏಳನೇ ಒಂದು ಭಾಗ ಹೋಗುತ್ತದೆ ಅಂತ. ನನ್ನ ಫೋನಿನಲ್ಲಿ ಅದು ಅರ್ಧ. ಅದೂ ಗೊತ್ತಾದದ್ದು ಟೋಕನ್ ಹಿಡಿದು ಕೂತ ಮೇಲೆ.

ಹಾಗಾದರೆ ಇವನು ಊರಿಗೆ ಬರುವಾಗ ನನಗೂ ಒಂದು ತರಿಸಿಕೊಂಡರಾಯಿತು ಅಂದುಕೊಂಡೆ. ಅಲ್ಲಿಂದ ಶುರುವಾಯಿತು ತೂಗಿ ನೋಡುವ ಕೆಲಸ.

ಫೇರ್‌ಫೋನ್ ಮಾಡುವ ಆಮ್‌ಸ್ಟರ್‌ಡ್ಯಾಮ್‌ನ ಈ ಕಂಪನಿ ಮೊದಲು ಕಂಪನಿಯೇ ಆಗಿರಲಿಲ್ಲ. 2010ರಲ್ಲಿ ಬಾಸ್ ವಾನ್ ಆಬೆಲ್ ಮತ್ತು ಗೆಳೆಯರು ಶುರು ಮಾಡಿದ ಜಾಗೃತಿ ಅಭಿಯಾನ ಅದು. ಫೋನಿನೊಳಗಿನ ತವರ, ಟ್ಯಾಂಟಲಮ್, ಟಂಗ್‌ಸ್ಟನ್, ಚಿನ್ನ ಎಲ್ಲಿಂದ ಬರುತ್ತದೆ, ಆ ದುಡ್ಡಿನಿಂದ ಪೂರ್ವ ಕಾಂಗೋದಲ್ಲಿ ಯಾರು ಬಂದೂಕು ಕೊಳ್ಳುತ್ತಾರೆ ಅಂತ ಕೇಳಲು ಹುಟ್ಟಿದ್ದು. ಸುಮ್ನೆ ಮಾತಾಡಿದರೆ ಯಾರೂ ಕೇಳುವುದಿಲ್ಲ ಅಂತ ಗೊತ್ತಾಗಿ 2013ರಲ್ಲಿ ಫೋನ್ ಮಾಡಲಿಕ್ಕೇ ಇಳಿದರು. 2016ರಲ್ಲಿ ಫೇರ್‌ಟ್ರೇಡ್ ಚಿನ್ನವನ್ನು, ಅಂದರೆ ಗಣಿಯವರಿಗೆ ನ್ಯಾಯವಾದ ಬೆಲೆ ಕೊಟ್ಟು ಕೊಳ್ಳುವ ಚಿನ್ನವನ್ನು, ತಮ್ಮ ಸರಪಳಿಯೊಳಗೆ ತಂದರು. ಬ್ಯಾಟರಿಗೆ ಹಾಕುವ ಕೊಬಾಲ್ಟ್ ಲೋಹದ ಗಣಿಗಳ ಪರಿಸ್ಥಿತಿ ಸುಧಾರಿಸಲು ಒಂದು ಕೂಟ ಕಟ್ಟುವುದರಲ್ಲಿ ಕೈಜೋಡಿಸಿದರು. ಜಗತ್ತಿನ ಕೊಬಾಲ್ಟ್‌ನಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಕಾಂಗೋದಿಂದಲೇ ಬರುತ್ತದೆ. ಫೋನ್ ಜೋಡಿಸುವುದು ಚೀನಾದಲ್ಲಿ. ಅಲ್ಲಿನ ಕೆಲಸಗಾರರಿಗೆ ಬದುಕಲು ಸಾಕಾಗುವಷ್ಟು ಕೂಲಿ ಆಗಲಿ ಅಂತ ಸಂಬಳದ ಮೇಲೆ ಬೋನಸ್ ಕೊಡುತ್ತಾರೆ. ಆ ಬೋನಸ್ಸಿನ ಖರ್ಚು ಒಂದು ಫೋನಿಗೆ ಎಷ್ಟು ಗೊತ್ತಾ? ಒಂದೆರಡು ಯೂರೋ ಆಸುಪಾಸು. ಅಷ್ಟೇ. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಕೂತುಬಿಟ್ಟೆ. ನಾವು ಫೋನಿನ ಜತೆ ಕೊಳ್ಳುವ ಪ್ಲಾಸ್ಟಿಕ್ ಕವರಿಗೆ ಅದಕ್ಕಿಂತ ಜಾಸ್ತಿ ಕೊಡುತ್ತೇವೆ.

ಇನ್ನೊಂದು ತಟ್ಟೆಯಲ್ಲಿ ಏನಿದೆ ಅಂತಲೂ ನೋಡಿದೆ. 699 ಯೂರೋ ಅಂದರೆ 60 ಸಾವಿರ ದಾಟುತ್ತದೆ. ಆ ದುಡ್ಡಿಗೆ ಇಲ್ಲಿ ಇನ್ನೂ ಚುರುಕಾದ ಪ್ರೊಸೆಸರ್, ಇನ್ನೂ ಒಳ್ಳೆ ಕ್ಯಾಮೆರಾ ಸಿಗುತ್ತದೆ. ನೀರಿನ ವಿಷಯದಲ್ಲಿ ಅದು ಐಪಿ55. ಮಳೆ ಹನಿ ತಡೆದುಕೊಳ್ಳುತ್ತದೆ, ಬಕೆಟ್ಟಿಗೆ ಬಿದ್ದರೆ ಕಷ್ಟ. ಫೇರ್‌ಫೋನ್ 4ರಿಂದ ಇಯರ್‌ಫೋನ್ ತೂತನ್ನೂ ತೆಗೆದುಹಾಕಿದರು, ಅದೇ ಹೊತ್ತಿಗೆ ತಮ್ಮದೇ ವೈರ್‌ಲೆಸ್ ಇಯರ್‌ಬಡ್ಸ್ ಮಾರಿದರು. ಪರಿಸರದ ಮಾತಾಡುವವರು ಹೀಗೆ ಮಾಡಬಹುದಾ ಅಂತ ಅವರ ಅಭಿಮಾನಿಗಳೇ ಬೈದರು, ನನಗೂ ಅದು ಸರಿ ಕಾಣಲಿಲ್ಲ. ಮೊದಲ ಫೇರ್‌ಫೋನ್ ಕೊಂಡವರಿಗೆ ನಾಲ್ಕೇ ವರ್ಷಕ್ಕೆ, 2017ರಲ್ಲಿ, ಬಿಡಿಭಾಗ ಇಲ್ಲ ಅಂತ ಕೈ ಎತ್ತಿದ್ದೂ ಇವರೇ. ಗಣಿಯ ವಿಷಯದಲ್ಲೂ ಎಲ್ಲವೂ ಸ್ವಚ್ಛ ಅಂತಿಲ್ಲ. ಕೆಲವು ಖನಿಜಕ್ಕೆ ಇವರು ಕ್ರೆಡಿಟ್ ಕೊಳ್ಳುತ್ತಾರೆ. ಅಂದರೆ ನ್ಯಾಯವಾಗಿ ತೆಗೆದ ಅಷ್ಟು ತೂಕದ ಲೋಹಕ್ಕೆ ದುಡ್ಡು ಕೊಟ್ಟಿರುತ್ತಾರೆ, ನಿಮ್ಮ ಕೈಯಲ್ಲಿರುವ ಫೋನಿನೊಳಗೆ ಇರುವುದು ಅದೇ ಲೋಹ ಆಗಿರಬೇಕಿಲ್ಲ. ನೂರಕ್ಕೆ ನೂರು ನ್ಯಾಯದ ಫೋನ್ ಮಾಡಲು ಆಗುವುದಿಲ್ಲ ಅಂತ ಅವರೇ ಒಪ್ಪುತ್ತಾರೆ. ಒಪ್ಪುವುದಕ್ಕೆ ನನ್ನ ಕಡೆಯಿಂದ ಪೂರ್ತಿ ಅಂಕ.

ಆದರೆ ನನ್ನ ತಕ್ಕಡಿಯನ್ನು ಬಗ್ಗಿಸಿದ್ದು ಇದ್ಯಾವುದೂ ಅಲ್ಲ. ಫೇರ್‌ಫೋನ್ ನಮ್ಮ ದೇಶದಲ್ಲಿ ಮಾರಾಟಕ್ಕಿಲ್ಲ. ಐದು ವರ್ಷದ ವಾರಂಟಿ ಯುರೋಪಿನಲ್ಲಿ. ಬಿಡಿಭಾಗ ಕಳಿಸುವುದೂ ಅಲ್ಲಿಗೇ. ಇಲ್ಲಿ ಡಿಸ್‌ಪ್ಲೇ ಒಡೆದರೆ ತಮ್ಮ ಮುಂದಿನ ರಜೆಗೆ ಬರುವ ತನಕ ಕಾಯಬೇಕು.

ಈ ಅನುಮಾನ ಇಟ್ಟುಕೊಂಡೇ ಎಸ್‌ಪಿ ರೋಡಿಗೆ ಹೋದೆ. ದೆಹಲಿಯವರಿಗೆ ಹೇಳುವುದಾದರೆ, ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ. ಟೌನ್ ಹಾಲಿನ ಹತ್ತಿರದ ಇಕ್ಕಟ್ಟು ಬೀದಿ, ಎಲೆಕ್ಟ್ರಾನಿಕ್ಸ್‌ನಲ್ಲಿ ಅಲ್ಲಿ ಸಿಗದೇ ಇರುವುದು ಇನ್ನೆಲ್ಲೂ ಸಿಗುವುದಿಲ್ಲ ಅನ್ನುವ ಮಾತಿದೆ. ಮೆಟ್ಟಿಲ ಕೆಳಗಿನ ಒಂದು ಅಂಗಡಿ. ಇಬ್ಬರು ಕೂತರೆ ಮೂರನೆಯವರಿಗೆ ನಿಲ್ಲಲೂ ಜಾಗ ಇಲ್ಲ. ನನ್ನ ಫೋನನ್ನು ಆ ಅಣ್ಣ ಬಿಸಿ ಪ್ಲೇಟಿನ ಮೇಲಿಟ್ಟ. ಅಂಟು ಸಡಿಲ ಆಗುವವರೆಗೆ ಬೆರಳ ತುದಿಯಲ್ಲಿ ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಹಳೇ ಸಿಮ್ ಕಾರ್ಡಿನಷ್ಟು ತೆಳ್ಳಗಿನ ಪ್ಲಾಸ್ಟಿಕ್ ತುಂಡನ್ನು ಸಂದಿಗೆ ತೂರಿಸಿ, ಸುತ್ತ ಒಂದೇ ಸಮ ಎಳೆದುಕೊಂಡು ಬಂದ. ಹಿಂಬದಿ ಕೈಗೆ ಬಂತು. ಒಳಗೆ ಬ್ಯಾಟರಿ ಅಡಿಗೂ ಅಂಟು. “ಬ್ಯಾಟರಿ ಬಗ್ಗಿಸಿದ್ರೆ ಬೆಂಕಿ ಮೇಡಂ, ಅದಕ್ಕೇ ನಿಧಾನ” ಅಂದ.

ಡಿಸ್‌ಪ್ಲೇಗೆ ಅವನ ಹತ್ತಿರ ಮೂರು ಥರದ ರೇಟಿತ್ತು. ಕಾಪಿ ಒಂದು, ಬಣ್ಣ ಸ್ವಲ್ಪ ಮಬ್ಬು, ಬೆರಳಚ್ಚು ಕೆಲಸ ಮಾಡುವುದಿಲ್ಲ. ಒರಿಜಿನಲ್ ಒಂದು, ಅದು ಎಲ್ಲಿಂದ ಬರುತ್ತದೆ ಅಂತ ಕೇಳಿದರೆ ನಕ್ಕು ಸುಮ್ಮನಾದ. ಇನ್ನೊಂದು, ಬೋರ್ಡ್ ಸತ್ತ ಫೋನಿಂದ ಬಿಚ್ಚಿದ್ದು. ಮೂರೂ ಸರ್ವಿಸ್ ಸೆಂಟರಿಗಿಂತ ಕಮ್ಮಿ. ಯಾವುದಕ್ಕೂ ಬಿಲ್ ಇಲ್ಲ. ಫೇರ್‌ಫೋನ್ ಅಂದೆ. ಹೆಸರೇ ಕೇಳಿರಲಿಲ್ಲ. ಫೋಟೋ ತೋರಿಸಿ, ಎಲ್ಲ ಸ್ಕ್ರೂ, ಅಂಟೇ ಇಲ್ಲ ಅಂದಾಗ ಖುಷಿಯಾದ, ಆದರೆ ಒಂದೇ ಮಾತಲ್ಲಿ ಮುಗಿಸಿದ: “ಬಿಚ್ಚೋದು ನಮ್ಗೆ ಕಷ್ಟ ಅಲ್ಲ ಮೇಡಂ. ಸ್ಪೇರ್ ಎಲ್ಲಿಂದ ತರೋದು?”

ಅವನ ಮಾತಿನಲ್ಲಿ ನಮ್ಮ ದೇಶದ ರಿಪೇರಿಯ ಲೆಕ್ಕ ಪೂರ್ತಿ ಇದೆ. ಯುರೋಪಿನಲ್ಲಿ ಕೂಲಿ ದುಬಾರಿ, ಅದಕ್ಕೇ ಅಲ್ಲಿ ಮಾಲೀಕನೇ ಬಿಚ್ಚಬಲ್ಲ ಫೋನಿಗೆ ಬೆಲೆ. ನಮ್ಮಲ್ಲಿ ಬಿಚ್ಚುವ ಕೈಗಳಿಗೆ ಕೊರತೆ ಇಲ್ಲ. ಹೋಬಳಿ ಕೇಂದ್ರದ ಬಸ್‌ಸ್ಟ್ಯಾಂಡಿನಲ್ಲೂ ಮೊಬೈಲ್ ರಿಪೇರಿ ಬೋರ್ಡ್ ನೇತಾಡುತ್ತದೆ. ಅಂಟು ಹಾಕಿ ಮುಚ್ಚಿದ್ದನ್ನೂ ಬಿಚ್ಚಿ ಕೊಡುತ್ತಾರೆ. ಅವರಿಗೆ ಬೇಕಾದದ್ದು ಒಳ್ಳೆಯ ಬಿಡಿಭಾಗ, ನ್ಯಾಯವಾದ ರೇಟಿನಲ್ಲಿ, ಬಿಲ್ ಸಮೇತ. ಕುಕ್ಕರ್‌ನ ಗ್ಯಾಸ್ಕೆಟ್ ಹೋದರೆ ಬೀದಿ ಕೊನೆಯ ಪಾತ್ರೆ ಅಂಗಡಿಯಲ್ಲಿ ಕಂಪನಿಯದ್ದೇ ಸಿಗುತ್ತದೆ, ಪ್ಯಾಕೆಟ್ಟಿನ ಮೇಲೆ ರೇಟೂ ಇರುತ್ತದೆ. ಕುಕ್ಕರ್‌ಗಿಂತ ಹತ್ತು ಪಟ್ಟು ಬೆಲೆಯ ಫೋನಿಗೆ ಯಾಕಿಲ್ಲ?

ಇಲ್ಲಿ ಇನ್ನೊಂದು ತೊಡಕಿದೆ, ನಿಮ್ಮ ಸಮಿತಿ ಇದನ್ನು ಗಟ್ಟಿಯಾಗಿ ಹಿಡಿಯಬೇಕು. ಕೆಲವು ಫೋನುಗಳಲ್ಲಿ ಬಿಡಿಭಾಗವನ್ನು ಬೋರ್ಡಿನ ಜತೆ ಸಾಫ್ಟ್‌ವೇರಿನಲ್ಲೇ ಜೋಡಿ ಕಟ್ಟಿರುತ್ತಾರೆ. ಒಂದು ಫೋನಿಂದ ಬಿಚ್ಚಿದ ಅಸಲಿ ಡಿಸ್‌ಪ್ಲೇಯನ್ನು ಅದೇ ಮಾಡೆಲ್‌ನ ಇನ್ನೊಂದಕ್ಕೆ ಹಾಕಿದರೂ ‘ಗೊತ್ತಿಲ್ಲದ ಭಾಗ’ ಅಂತ ಎಚ್ಚರಿಕೆ ಬರುತ್ತದೆ, ಕೆಲವು ಸೌಲಭ್ಯ ಕೆಲಸ ಬಿಡುತ್ತದೆ. ಗಿರಾಕಿ ವಾಪಸ್ ಬಂದು ಡೂಪ್ಲಿಕೇಟ್ ಹಾಕಿದ್ದೀಯ ಅಂತ ಜಗಳ ಆಡುತ್ತಾನೆ ಅಂತ ಆ ಅಣ್ಣ ಹೇಳಿದ. ಅಮೆರಿಕದ ಓರೆಗಾನ್ ರಾಜ್ಯ 2024ರಲ್ಲಿ ತಂದ ಕಾನೂನಿನಲ್ಲಿ ಹೊಸ ಫೋನುಗಳಿಗೆ ಈ ಆಟ ನಿಷೇಧ. ನಮ್ಮ ಆರು ಅಂಶಗಳಲ್ಲಿ ಇದಕ್ಕೆ ನೇರ ಜಾಗ ಕಾಣುವುದಿಲ್ಲ. ಸ್ಕ್ರೂ ಎಷ್ಟೇ ಸುಲಭ ಇದ್ದರೂ ಸಾಫ್ಟ್‌ವೇರ್ ಬೀಗ ಹಾಕಿದ್ದರೆ ಏನು ಬಂತು?

ಸಾಫ್ಟ್‌ವೇರ್ ಮಾತು ಬಂತಲ್ಲ, ಫೇರ್‌ಫೋನಿನಿಂದ ನಾನು ನಿಜಕ್ಕೂ ಕಲಿತದ್ದು ಇದರಲ್ಲೇ. 2015ರ ಕೊನೆಯಲ್ಲಿ ಬಂದ ಫೇರ್‌ಫೋನ್ 2ಕ್ಕೆ ಅವರು 2023ರ ಮಾರ್ಚ್ ತನಕ ಅಪ್‌ಡೇಟ್ ಕೊಟ್ಟರು. ಚಿಪ್ ಮಾಡಿದ ಕ್ವಾಲ್ಕಾಮ್ ಆ ಚಿಪ್ಪಿಗೆ ಹೊಸ ಆಂಡ್ರಾಯ್ಡ್ ಕೊಡುವುದನ್ನು ಬಹಳ ಹಿಂದೆಯೇ ನಿಲ್ಲಿಸಿತ್ತು. ಸಣ್ಣ ತಂಡ ತಾನೇ ಕೂತು ಆಂಡ್ರಾಯ್ಡ್ 10ರ ತನಕ ಎಳೆದುಕೊಂಡು ಬಂತು. ಈ ಪಾಡು ಬೇಡ ಅಂತಲೇ ಫೇರ್‌ಫೋನ್ 5ಕ್ಕೆ ಫೋನಿಗೆ ಹಾಕುವ ಮಾಮೂಲಿ ಚಿಪ್ ಬಿಟ್ಟು, ಕಾರ್ಖಾನೆಯ ಯಂತ್ರಗಳಿಗೆ ಅಂತ ಮಾಡುವ ಚಿಪ್ ಹಾಕಿದರು. ವೇಗ ಸ್ವಲ್ಪ ಕಮ್ಮಿ, ಆದರೆ ಚಿಪ್ ಕಂಪನಿಯ ಬೆಂಬಲ ಜಾಸ್ತಿ ವರ್ಷ. ಇದು ದೊಡ್ಡ ಕಂಪನಿಗಳ ಕಿವಿಗೂ ಬಿದ್ದಿದೆ. ಗೂಗಲ್ 2023ರ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರ ಎಸ್24ಕ್ಕೆ ಏಳು ವರ್ಷದ ಅಪ್‌ಡೇಟ್ ಮಾತು ಕೊಟ್ಟವು.

ಆದರೆ ಆ ಫೋನುಗಳ ರೇಟು ನೋಡಿ. ಏಳು ವರ್ಷ ಸಿಗುವುದು ಎರಡು ವರ್ಷಕ್ಕೊಮ್ಮೆ ಫೋನ್ ಬದಲಾಯಿಸುವಷ್ಟು ದುಡ್ಡಿದ್ದವರಿಗೆ. 10–12 ಸಾವಿರದ ಫೋನನ್ನು ಕಂತಿನಲ್ಲಿ ಕೊಂಡು, ಕಿತ್ತುಹೋಗುವ ತನಕ ಇಟ್ಟುಕೊಳ್ಳುವವರಿಗೆ ಎಷ್ಟೋ ಮಾಡೆಲ್‌ಗಳಲ್ಲಿ ಎರಡೋ ಮೂರೋ ವರ್ಷ ಸಿಕ್ಕರೆ ಪುಣ್ಯ. ನಮ್ಮ ರಸ್ತೆಯ ಹೂವಿನಮ್ಮನ ಬ್ಯಾಂಕು, ರೇಷನ್‌ನ ಒಟಿಪಿ, ಮಗಳ ಹಾಸ್ಟೆಲ್ ಫೀಸು ಎಲ್ಲ ಒಂದೇ ಫೋನಿನಲ್ಲಿದೆ. ಹಳೇ ಆಂಡ್ರಾಯ್ಡ್ ಅಂತ ಬ್ಯಾಂಕ್ ಆ್ಯಪ್ ಒಂದು ದಿನ ತೆರೆಯುವುದಿಲ್ಲ. ಡಿಸ್‌ಪ್ಲೇ ಚೆನ್ನಾಗಿದೆ, ಬ್ಯಾಟರಿ ಚೆನ್ನಾಗಿದೆ, ಫೋನ್ ಮಾತ್ರ ಕೆಲಸಕ್ಕೆ ಬಾರದ್ದು. ಅಪ್‌ಡೇಟ್ ಎಷ್ಟು ವರ್ಷ ಅನ್ನುವುದಕ್ಕೆ ಅಗ್ಗದ ಫೋನುಗಳಲ್ಲಿ ಹೆಚ್ಚು ತೂಕ ಕೊಡಿ ಅಂತ ನನ್ನ ಕೋರಿಕೆ. ಅಲ್ಲೇ ಅದು ಹೆಚ್ಚು ಬೇಕಾಗಿರುವುದು.

ಇನ್ನು ನ್ಯಾಯದ ಮಾತು. ಫೇರ್‌ಫೋನ್ ಬಗ್ಗೆ ಓದುವಾಗ ಕಾಂಗೋ ದೂರ, ಚೀನಾ ದೂರ ಅನಿಸುತ್ತದೆ. ನಮಗೆ ಇದು ದೂರದ್ದೇನಲ್ಲ. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಏನಾಯಿತು ಅಂತ ನಿಮಗೂ ಗೊತ್ತು. ಸಂಬಳ ಸರಿಯಾಗಿ ಬರುತ್ತಿಲ್ಲ, ದುಡಿದ ಗಂಟೆಗೆ ಲೆಕ್ಕ ಇಲ್ಲ ಅಂತ ಗುತ್ತಿಗೆ ಹುಡುಗರು ಸಿಡಿದೆದ್ದರು, ಗಾಜು, ಯಂತ್ರ ಎಲ್ಲ ಪುಡಿಯಾಯಿತು. ಒಡೆದದ್ದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಆಮೇಲೆ ನೋಡಿದಾಗ ಹಾಜರಿ, ಸಂಬಳದ ವ್ಯವಸ್ಥೆಯಲ್ಲಿ ಲೋಪ ಇದ್ದದ್ದು ನಿಜ ಅಂತ ಆಯಿತು, ಆಪಲ್ ಕಂಪನಿಯೇ ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ಕೆಲಕಾಲ ತಡೆಹಿಡಿಯಿತು. ಈಗ ಆ ಕಾರ್ಖಾನೆ ಟಾಟಾ ಕೈಯಲ್ಲಿದೆ. ದೇವನಹಳ್ಳಿಯಲ್ಲಿ ಫಾಕ್ಸ್‌ಕಾನ್ ಬಂದಿದೆ. ನಮ್ಮ ವಿಧಾನಮಂಡಲ 2023ರಲ್ಲಿ ಕಾನೂನು ತಿದ್ದಿ ದಿನಕ್ಕೆ 12 ಗಂಟೆಯ ಕೆಲಸಕ್ಕೆ ದಾರಿ ಮಾಡಿತು. ಕೋಲಾರ ಜಿಲ್ಲೆಯಲ್ಲೇ ಕೆಜಿಎಫ್ ಇದೆ. ಗಣಿ 2001ರಲ್ಲಿ ಮುಚ್ಚಿತು. ಸಯನೈಡ್ ಮಣ್ಣಿನ ದಿಬ್ಬಗಳು ಇವತ್ತಿಗೂ ಹಾಗೇ ಇವೆ, ಗಾಳಿ ಬೀಸಿದರೆ ಮನೆಯೊಳಗೆ ಬರುತ್ತವೆ. ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕಳೆದುಕೊಂಡವರ ಮನೆಗಳೂ ಇವೆ. ಚಿನ್ನ ತೆಗೆದವರಿಗೆ ಏನು ಉಳಿಯುತ್ತದೆ ಅಂತ ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ.

ಇದನ್ನೆಲ್ಲ ನಿಮ್ಮ ಸೂಚ್ಯಂಕಕ್ಕೆ ತುರುಕಿ ಅನ್ನುತ್ತಿಲ್ಲ. ಕಾರ್ಮಿಕ ಇಲಾಖೆಯ ಕೆಲಸ ಬೇರೆ, ನಿಮ್ಮದು ಬೇರೆ. ಆದರೆ ಕೊಳ್ಳುವವಳಾಗಿ ನನಗೆ ಎರಡೂ ಒಂದೇ ಕಡೆ ಬಂದು ಸೇರುತ್ತವೆ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 15 ಕೋಟಿ ಸ್ಮಾರ್ಟ್‌ಫೋನ್ ಮಾರಾಟಕ್ಕೆ ಬರುತ್ತವೆ. ಫೇರ್‌ಫೋನ್ ಇಡೀ ಯುರೋಪಿನಲ್ಲಿ ವರ್ಷಕ್ಕೆ ಮಾರುವುದು ಒಂದು ಲಕ್ಷದ ಆಸುಪಾಸು. ನಾನೊಬ್ಬಳು ತಮ್ಮನ ಸೂಟ್‌ಕೇಸಿನಲ್ಲಿ ಒಂದು ಫೇರ್‌ಫೋನ್ ತರಿಸಿಕೊಂಡರೆ ನನ್ನ ಮನಸ್ಸಿಗೆ ಸಮಾಧಾನ, ಅಷ್ಟೇ. 15 ಕೋಟಿ ಫೋನುಗಳು ಒಂದೊಂದು ವರ್ಷ ಜಾಸ್ತಿ ಬಾಳಿದರೆ ಆಗುವುದೇ ಬೇರೆ. ಒಂದು ಫೋನಿನ ಇಂಗಾಲದ ಹೊರೆಯಲ್ಲಿ ದೊಡ್ಡ ಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ, ಚಾರ್ಜ್ ಮಾಡುವ ಕರೆಂಟಿನದ್ದು ಚಿಲ್ಲರೆ. ಅಗೆಯುವ ಕೊಬಾಲ್ಟ್, ಬಿಸಾಡುವ ಬೋರ್ಡು ಎರಡೂ ಕಮ್ಮಿ ಮಾಡಲು ಇದಕ್ಕಿಂತ ಸುಲಭದ ದಾರಿ ನನಗೆ ಕಾಣುವುದಿಲ್ಲ.

ಈಗ ನಿಮ್ಮ ಲೆಕ್ಕಕ್ಕೆ ವಾಪಸ್ ಬರುತ್ತೇನೆ. ನೀವು ಇಟ್ಟಿರುವ ಆರು ಅಂಶ ಯುರೋಪಿಯನ್ ಒಕ್ಕೂಟದ ಸೂಚ್ಯಂಕದಲ್ಲಿರುವ ಆರನ್ನೇ ಹೋಲುತ್ತವೆ. ಅಲ್ಲಿಯೂ ರೇಟಿಗೆ ಅಂಕ ಇಲ್ಲ, ನಿಜ. ಆದರೆ 2025ರ ಜೂನ್ 20ರಿಂದ ಅಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಕಂಪನಿಗಳು ಬಿಡಿಭಾಗಗಳ ಅಂದಾಜು ಬೆಲೆಯನ್ನು ಎಲ್ಲರಿಗೂ ಕಾಣುವಂತೆ ವೆಬ್‌ಸೈಟಿನಲ್ಲಿ ಹಾಕಬೇಕು. ಆ ಮಾಡೆಲ್ ಮಾರುಕಟ್ಟೆಗೆ ಬಿಡುವುದು ನಿಲ್ಲಿಸಿದ ಮೇಲೂ ಏಳು ವರ್ಷ ಬಿಡಿಭಾಗ ಕೊಡಬೇಕು, ಐದು ವರ್ಷ ಅಪ್‌ಡೇಟ್ ಕೊಡಬೇಕು. ಫ್ರಾನ್ಸ್ ಇನ್ನೂ ಮುಂದೆ ಹೋಗಿತ್ತು. 2021ರ ಜನವರಿಯಲ್ಲಿ ಅವರು ತಂದ ಸೂಚ್ಯಂಕದಲ್ಲಿ 100ಕ್ಕೆ 20 ಅಂಕ ಬರೀ ಬಿಡಿಭಾಗದ ಬೆಲೆಗೆ, ಫೋನಿನ ಬೆಲೆಗೆ ಹೋಲಿಸಿ. ನಾವು ಅಂಕದ ಪಟ್ಟಿಯನ್ನು ಒಕ್ಕೂಟದಿಂದ ತಂದುಕೊಂಡು, ಅದರ ಬೆನ್ನಿಗಿರುವ ನಿಯಮವನ್ನು ಅಲ್ಲೇ ಬಿಟ್ಟು ಬಂದರೆ ಪಟ್ಟಿಗೆ ಬೆನ್ನೆಲುಬು ಇರುವುದಿಲ್ಲ. ಒಂದು ಡಿಸ್‌ಪ್ಲೇಗೆ ಕೊಡುವ ದುಡ್ಡಿನಲ್ಲಿ ಮನೆಯ ತಿಂಗಳ ದಿನಸಿ ಬರುವ ದೇಶ ನಮ್ಮದು. ಇಲ್ಲಿ ರೇಟು ಮೊದಲ ಸಾಲಿನಲ್ಲಿರಬೇಕು.

ಕಂಪನಿಗಳು ಏನು ಹೇಳುತ್ತವೆ ಅಂತಲೂ ಗೊತ್ತು. ಏಳು ವರ್ಷ ಬಿಡಿಭಾಗ ದಾಸ್ತಾನು ಇಟ್ಟರೆ ಖರ್ಚು, ಅದು ಫೋನಿನ ರೇಟಿಗೇ ಸೇರುತ್ತದೆ. ಅಗ್ಗದ ಫೋನುಗಳಲ್ಲಿ ಲಾಭ ಅಷ್ಟಕ್ಕಷ್ಟೆ. ಈ ಮಾತಿನಲ್ಲಿ ಹುರುಳಿದೆ, 12 ಸಾವಿರದ ಫೋನ್ 13 ಸಾವಿರ ಆದರೆ ಕೊಳ್ಳದೇ ಹೋಗುವವರೂ ಇದ್ದಾರೆ. ಹಾಗಾಗಿ ಕಡ್ಡಾಯ ದಾಸ್ತಾನನ್ನು ಹಂತಹಂತವಾಗಿ ತನ್ನಿ ಅಂದರೂ ನನ್ನ ತಕರಾರಿಲ್ಲ. ಆದರೆ ರೇಟು ಬರೆಯಲು ಖರ್ಚೇನಿಲ್ಲ. ಅಂಟು ಹಾಕದಿದ್ದರೆ ನೀರು ತಡೆಯುವುದಿಲ್ಲ ಅನ್ನುವ ವಾದ ಮಾತ್ರ ನನಗೆ ಹಿಡಿಸಲಿಲ್ಲ. ಸ್ಯಾಮ್‌ಸಂಗ್‌ನ ಎಕ್ಸ್‌ಕವರ್ 7 ಅನ್ನುವ ಫೋನಿಗೆ ಕೈಯಲ್ಲೇ ತೆಗೆಯುವ ಬ್ಯಾಟರಿ ಇದೆ, ನೀರಿನಲ್ಲಿ ಮುಳುಗಿದರೂ ತಡೆಯುವ ಐಪಿ68 ಕೂಡ ಇದೆ. 2024ರಲ್ಲಿ ನಮ್ಮ ದೇಶಕ್ಕೂ ಬಂತು. ದಪ್ಪ ಇದೆ, ಚೆಂದ ಇಲ್ಲ, ಕಂಪನಿಗಳ ಕೆಲಸಗಾರರಿಗೆ ಅಂತ ಮಾಡಿದ್ದು. ಆದರೆ ಆಗುತ್ತದೆ ಅನ್ನುವುದಕ್ಕೆ ಸಾಕ್ಷಿ.

ಇನ್ನೊಂದು, ಅಂಕವನ್ನು ಕಂಪನಿಗಳೇ ಕೊಟ್ಟುಕೊಳ್ಳಲಿ ಅಂತ ವರದಿಯಲ್ಲಿದೆ. ಪರೀಕ್ಷೆ ಬರೆದವನೇ ಪೇಪರ್ ತಿದ್ದಿದರೆ ಫೇಲಾಗುವವರು ಯಾರು? ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಕಾಗಿಲ್ಲ. ಪ್ರತಿ ಜಿಲ್ಲೆಯಲ್ಲೂ ಸರ್ಕಾರಿ ಪಾಲಿಟೆಕ್ನಿಕ್, ಐಟಿಐ ಇವೆ. ಹೆಚ್ಚು ಮಾರಾಟವಾಗುವ ಮಾಡೆಲ್‌ಗಳನ್ನು ಅಂಗಡಿಯಿಂದಲೇ ತಂದು ಅಲ್ಲಿನ ಮಕ್ಕಳ ಕೈಗೆ ಕೊಡಿ. ಬಿಚ್ಚಲಿ, ಜೋಡಿಸಲಿ, ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ಮುರಿಯಿತು ಅಂತ ಬರೆಯಲಿ. ಅವರಿಗೂ ಕಲಿತ ಹಾಗಾಯಿತು. ಎಸ್‌ಪಿ ರೋಡಿನಂಥ ಬೀದಿಯ ಒಂದಿಬ್ಬರು ರಿಪೇರಿಯವರನ್ನೂ ಸಮಿತಿಯಲ್ಲಿ ಕೂರಿಸಿ. ಯಾವ ಫೋನಿನ ಯಾವ ರಿಬ್ಬನ್ ಮೊದಲು ಹರಿಯುತ್ತದೆ ಅಂತ ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ನಾನು ಕೊನೆಗೆ ಏನು ಮಾಡಿದೆ ಅಂತ ಕೇಳಿದರೆ, ಹಳೇ ಫೋನಿಗೆ ಬಿಚ್ಚಿದ ಡಿಸ್‌ಪ್ಲೇ ಹಾಕಿಸಿ ಅಮ್ಮನಿಗೆ ಕೊಟ್ಟೆ. ಬ್ಯಾಂಕಿನ ಕೆಲಸ ಅದರಲ್ಲಿ ಬೇಡ ಅಂತ ಹೇಳಿದ್ದೇನೆ, ಅವರಿಗೆ ಬೇಕಾದದ್ದು ಅಡುಗೆ ವಿಡಿಯೋ, ಮೊಮ್ಮಕ್ಕಳ ಮುಖ. ನನಗೆ ಫೇರ್‌ಫೋನ್ ತರಿಸಲಿಲ್ಲ. ಇಲ್ಲಿ ಜಾಸ್ತಿ ಓಡುವ, ಅಪ್‌ಡೇಟ್ ಮಾತು ಉದ್ದ ಇರುವ, ಆ ಮೆಟ್ಟಿಲ ಕೆಳಗಿನ ಅಣ್ಣ “ಇದರದ್ದು ಸಿಗುತ್ತೆ” ಅಂದ ಮಾಡೆಲನ್ನು, ಒಬ್ಬರು ಬಳಸಿ ಬಿಟ್ಟದ್ದನ್ನು, ವಾರಂಟಿ ಇರುವ ಕಡೆಯಿಂದ ತಗೊಂಡೆ. ಅದನ್ನು ಜೋಡಿಸಿದವರ ಸಂಬಳ ಎಷ್ಟು, ಅದರ ಕೊಬಾಲ್ಟ್ ಯಾವ ಗಣಿಯದ್ದು ಅಂತ ನನಗೆ ಗೊತ್ತಾಗಲಿಲ್ಲ. ಅಷ್ಟರ ಮಟ್ಟಿಗೆ ನಾನು ಅಂದುಕೊಂಡ ಫೋನ್ ಅದಲ್ಲ. ಆದರೆ ಬೆಂಗಳೂರಿನಲ್ಲಿ ಕೂತು, ಅಂಗಡಿಯಲ್ಲಿ ಕೇಳಿ ತಿಳಿಯಬಹುದಾದ ಸಂಗತಿಗಳಲ್ಲಿ ನನ್ನ ಕೈಗೆ ಸಿಕ್ಕಿದ್ದು ಅಷ್ಟೇ. ಅದೂ ಒಬ್ಬ ರಿಪೇರಿಯವನ ಬಾಯಿಮಾತು.

ಆ ಬಾಯಿಮಾತನ್ನು ಡಬ್ಬಿಯ ಮೇಲೆ ತರಿಸಿ. ಫೋನಿನ ರೇಟಿನ ಕೆಳಗೇ ಬ್ಯಾಟರಿ, ಡಿಸ್‌ಪ್ಲೇ, ಚಾರ್ಜಿಂಗ್ ಪೋರ್ಟಿನ ರೇಟು. ಎಷ್ಟು ವರ್ಷ ಸಿಗುತ್ತವೆ ಅನ್ನುವುದು. ಸರ್ವಿಸ್ ಸೆಂಟರಿಗೆ ಮಾತ್ರವೋ, ಬೀದಿಯ ಅಂಗಡಿಗೂ ಕೊಡುತ್ತಾರೋ ಅನ್ನುವುದು. ಅಪ್‌ಡೇಟ್ ನಿಲ್ಲುವ ತಿಂಗಳು ಮತ್ತು ವರ್ಷ. ಕ್ಯೂಆರ್ ಕೋಡಿನೊಳಗೆ ಬಚ್ಚಿಡಬೇಡಿ, ಅಕ್ಷರದಲ್ಲಿ ಬರೆಸಿ. ಆನ್‌ಲೈನ್‌ನಲ್ಲಾದರೆ ಎಕ್ಸ್‌ಚೇಂಜ್ ಆಫರಿನ ಪಕ್ಕದಲ್ಲೇ. ಕರ್ನಾಟಕದಲ್ಲಿ ಮಾರುವ ಡಬ್ಬಿಯಲ್ಲಿ ಕನ್ನಡದಲ್ಲೂ ಇರಲಿ.

ಇಂತಿ,
ನಿಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಗ್ರಾಹಕಿ